ಇಂಗ್ಲಿಷಿನ ವೈಜ್ಞಾನಿಕ ಪದಗಳ ಉಚ್ಚಾರಾಂಶ ವಿಭಜನೆ ಮತ್ತು ಒತ್ತು

ಉಚ್ಚಾರಾಂಶ ವಿಭಜನೆ ಎಂದರೆ ಒಂದು ಪದವನ್ನು, ತಲಾ ಒಂದು ಸ್ವರವನ್ನು ಕೇಂದ್ರವಾಗಿ ಉಳ್ಳ ಉಚ್ಚಾರಣೆಯ ತುಣುಕುಗಳಾಗಿ ಬಿಡಿಸುವುದು. ಹೀಗೆ ಬಿಡಿಸಿದ ತುಣುಕುಗಳಲ್ಲಿ ಒಂದನ್ನು ಉಳಿದವುಗಳಿಗಿಂತ ಬಲವಾಗಿ, ಸ್ಪಷ್ಟವಾಗಿ ಮತ್ತು ಸಾಮಾನ್ಯವಾಗಿ ತುಸು ದೀರ್ಘವಾಗಿ ನುಡಿಯುವುದನ್ನು ಒತ್ತು ಅಥವಾ ಬಲಾಘಾತ ಎಂದು ಕರೆಯುತ್ತಾರೆ. ಇಂಗ್ಲಿಷಿನ ಉದ್ದನೆಯ ವೈಜ್ಞಾನಿಕ ಪದಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಇವುಗಳಲ್ಲಿ ಒತ್ತು ಬೀಳುವ ಸ್ಥಾನವನ್ನು ಬಹುಮಟ್ಟಿಗೆ ಲ್ಯಾಟಿನ್ ಭಾಷೆಯ ಒಂದು ಹಳೆಯ ನಿಯಮ ನಿರ್ಧರಿಸುತ್ತದೆ. ಆ ನಿಯಮದ ಆಧಾರವಾದ ಲಘು ಮತ್ತು ಗುರು ಉಚ್ಚಾರಾಂಶಗಳ ಭೇದ ಕನ್ನಡ ಛಂದಸ್ಸಿನ ಆಧಾರವೂ ಆಗಿರುವುದರಿಂದ, ಪ್ರೌಢಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಲು ಕಲಿತವರಿಗೆ ಇಂತಹ ಪದಗಳ ಒತ್ತನ್ನು ಊಹಿಸುವ ಮುಖ್ಯ ಸಾಧನ ಮೊದಲೇ ದೊರೆತಿರುತ್ತದೆ.

ಈ ಲೇಖನದಲ್ಲಿ ಉಚ್ಚಾರಾಂಶಗಳನ್ನು ಅಡ್ಡಗೆರೆಯಿಂದ ಬಿಡಿಸಿ, ಮುಖ್ಯ ಒತ್ತು ಬೀಳುವ ಉಚ್ಚಾರಾಂಶದ ಮುಂದೆ ˈ ಚಿಹ್ನೆಯನ್ನು ಇಡಲಾಗಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿಯು ದ್ಯುತಿಸಂಶ್ಲೇಷಣೆ, ಪತ್ರಹರಿತ್ತು, ಆಮ್ಲಜನಕ ಎಂಬ ಪದಗಳ ಮೂಲಕ ವಿಜ್ಞಾನವನ್ನು ಅರಿತಿರುತ್ತಾನೆ. ಪದವಿಪೂರ್ವ ವಿಜ್ಞಾನ ತರಗತಿಗೆ ಸೇರಿದ ಕೂಡಲೇ ಇವುಗಳ ಬದಲಿಗೆ ಫೋಟೋಸಿಂಥೆಸಿಸ್, ಕ್ಲೋರೊಫಿಲ್, ಆಕ್ಸಿಜನ್ ಎಂಬ ಪದಗಳು ಬರುತ್ತವೆ. ವಿಷಯ ಹೊಸದಲ್ಲ, ಹೆಸರು ಮಾತ್ರ ಹೊಸದು. ಆಮ್ಲಜನಕ ಎಂಬುದು ‘ಆಮ್ಲವನ್ನು ಹುಟ್ಟಿಸುವುದು’ ಎಂಬ ಅರ್ಥವುಳ್ಳ ಆಕ್ಸಿಜನ್ ಪದದ ನೇರ ಅನುವಾದವೇ ಆಗಿದೆ. ಆದರೂ ಹೊಸ ಹೆಸರನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಬೇಕು ಎಂಬುದು ಪುಸ್ತಕದ ಕಾಗುಣಿತದಿಂದ ತಿಳಿಯದು.

ಈ ತೊಡಕು ವೈದ್ಯಕೀಯ ಶಿಕ್ಷಣದಲ್ಲಿ ಹೆಚ್ಚು. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಸತ್ತೂರ ಇದಕ್ಕೆ ತಕ್ಕ ನಿದರ್ಶನ. ಇಲ್ಲಿ 1986ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯಕೀಯ ಕಾಲೇಜು, 2003ರಲ್ಲಿ ಅದೇ ಹೆಸರಿನ ವೈದ್ಯಕೀಯ ಕಾಲೇಜು ಆರಂಭವಾದವು. 2018ರಲ್ಲಿ ಇವು ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದ ಭಾಗಗಳಾದವು. ಪಕ್ಕದ ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದಲೂ ಇದೆ. ಇಂತಹ ಕಾಲೇಜುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ, ರೋಗಿಯೊಡನೆ ಮಾತು ಧಾರವಾಡ ಸೀಮೆಯ ಕನ್ನಡದಲ್ಲಿ. ‘ಶುಗರ್ ಕಡಿಮಿ ಆಗೇತಿ’ ಎಂದು ರೋಗಿ ಹೇಳಿದ್ದನ್ನು ವಿದ್ಯಾರ್ಥಿಯು ಪ್ರಾಧ್ಯಾಪಕರ ಮುಂದೆ ಹೈಪೊಗ್ಲೈಸೀಮಿಯ ಎಂದು ನಿವೇದಿಸಬೇಕಾಗುತ್ತದೆ. ಕಿವಿ, ಮೂಗು, ಗಂಟಲು ಎಂಬ ಮೂರು ಸರಳ ಪದಗಳ ವಿಭಾಗಕ್ಕೆ ಪಠ್ಯದಲ್ಲಿರುವ ಹೆಸರು ಒಂಬತ್ತು ಉಚ್ಚಾರಾಂಶಗಳದ್ದು: ಓ-ಟೋ-ರೈ-ನೋ-ಲ್ಯಾ-ರಿಂ-ˈಗಾ-ಲ-ಜಿ.

ಅಕ್ಷರ ಮತ್ತು ಉಚ್ಚಾರಾಂಶ

ಕನ್ನಡ ಲಿಪಿಯ ಒಂದು ಅಕ್ಷರ ಸ್ಥೂಲವಾಗಿ ಒಂದು ಉಚ್ಚಾರಾಂಶಕ್ಕೆ ಸಮ. ಆದ್ದರಿಂದ ಕನ್ನಡಿಗರಿಗೆ ಪದವನ್ನು ಬಿಡಿಸುವುದು ಸಹಜವಾಗಿ ಬರುತ್ತದೆ. ರೋಮನ್ ಲಿಪಿಯ ಬಿಡಿ ವರ್ಣಗಳಿಂದ ಓದು ಕಲಿತವರಿಗೆ ಅಷ್ಟು ಸುಲಭವಲ್ಲ. ಆದರೆ ಸಂಯುಕ್ತಾಕ್ಷರ ಬಂದಾಗ ಬರಹಕ್ಕೂ ಉಚ್ಚಾರಣೆಗೂ ಅಂತರ ಬೀಳುತ್ತದೆ. ‘ಸಪ್ತ’ ಎಂಬುದನ್ನು ಬರಹ ಸ-ಪ್ತ ಎಂದು ಒಡೆಯುತ್ತದೆ, ನಾಲಗೆ ಸಪ್-ತ ಎಂದು ಒಡೆಯುತ್ತದೆ. ಛಂದಸ್ಸು ನಾಲಗೆಯ ಪಕ್ಷವನ್ನು ವಹಿಸುತ್ತದೆ: ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮದ ಅರ್ಥ, ಆ ಅಕ್ಷರವು ಮುಂದಿನ ವ್ಯಂಜನವೊಂದನ್ನು ತನ್ನತ್ತ ಎಳೆದುಕೊಂಡು ಭಾರವಾಗಿದೆ ಎಂದೇ. ಇಂಗ್ಲಿಷ್ ಪದಗಳನ್ನು ಬಿಡಿಸುವಾಗಲೂ ಬರಹದ ವಿಭಜನೆಯನ್ನು ಬಿಟ್ಟು ಈ ಎರಡನೆಯ ವಿಭಜನೆಯನ್ನೇ ಅನುಸರಿಸಬೇಕು. ಗ್ಯಾಸ್ಟ್ರೈಟಿಸ್ ಎಂಬುದು ಗ್ಯಾ-ಸ್ಟ್ರೈ-ಟಿಸ್ ಅಲ್ಲ, ಗ್ಯಾಸ್-ˈಟ್ರೈ-ಟಿಸ್.

ಪರಿಭಾಷೆಯಲ್ಲಿ ಒಂದು ಗೊಂದಲಕ್ಕೆ ಅವಕಾಶವಿದೆ. ಕನ್ನಡ ಕಲಿಸುವಾಗ ‘ಒತ್ತು’ ಎಂದರೆ ಅಕ್ಷರದ ಕೆಳಗೆ ಬರೆಯುವ ವ್ಯಂಜನಚಿಹ್ನೆ. ಇಲ್ಲಿ ಹೇಳುತ್ತಿರುವ ಒತ್ತು ಧ್ವನಿಯ ಬಲ. ಅದಕ್ಕೂ ಒತ್ತಕ್ಷರಕ್ಕೂ ಸಂಬಂಧವಿಲ್ಲ.

ಒಂದೇ ವ್ಯಂಜನ ಎರಡು ಸ್ವರಗಳ ನಡುವೆ ಬಂದಾಗ ಅದು ಯಾವ ಕಡೆಗೆ ಸೇರಬೇಕು ಎಂಬ ಬಗ್ಗೆ ಇಂಗ್ಲಿಷ್ ನಿಘಂಟುಗಳಲ್ಲೇ ಏಕಮತವಿಲ್ಲ. ಬಯಾಲಜಿ ಪದದ ‘ಲ್’ ವ್ಯಂಜನವನ್ನು ಕೆಲವು ನಿಘಂಟುಗಳು ಒತ್ತುಳ್ಳ ಹಿಂದಿನ ಸ್ವರಕ್ಕೆ ಅಂಟಿಸಿದರೆ ಕೆಲವು ಮುಂದಿನದಕ್ಕೆ ಬಿಡುತ್ತವೆ. ಒತ್ತಿನ ಸ್ಥಾನ ಇದರಿಂದ ಬದಲಾಗದು. ಕನ್ನಡ ಲಿಪಿಯ ಪದ್ಧತಿಯಂತೆ ಮುಂದಿನ ಸ್ವರಕ್ಕೆ ಸೇರಿಸಿದರೆ ತೊಂದರೆಯಿಲ್ಲ.

ಮೌನ ವರ್ಣಗಳು

ನ್ಯುಮೋನಿಯ, ಸೈಕಾಲಜಿ, ಟೆರಿಡೊಫೈಟ ಪದಗಳ ಇಂಗ್ಲಿಷ್ ಕಾಗುಣಿತ ‘ಪ’ಕಾರದಿಂದ ಆರಂಭವಾಗುತ್ತದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಇದನ್ನು ಬಾಯಿಪಾಠ ಮಾಡಬೇಕಾದ ವಿಚಿತ್ರ ಎಂದು ಭಾವಿಸುವುದುಂಟು. ವಾಸ್ತವವಾಗಿ ಇದು ಉಚ್ಚಾರಾಂಶದ ನಿಯಮ. ಗ್ರೀಕ್ ಭಾಷೆಯಲ್ಲಿ ಪದವೊಂದು ‘ಪ್ನ’, ‘ಪ್ಸ’, ‘ಪ್ಟ’, ‘ಮ್ನ’ ಎಂಬ ಜೋಡಿಗಳಿಂದ ಆರಂಭವಾಗಬಹುದಿತ್ತು, ಇಂಗ್ಲಿಷಿನಲ್ಲಿ ಆಗದು. ಹಾಗಾಗಿ ಮೊದಲ ವ್ಯಂಜನ ಬಿದ್ದುಹೋಗುತ್ತದೆ. ಅದೇ ಜೋಡಿಯ ಹಿಂದೆ ಒಂದು ಸ್ವರ ಬಂದರೆ ಬಿದ್ದ ವ್ಯಂಜನ ಆ ಸ್ವರದ ಆಸರೆ ಪಡೆದು ಮತ್ತೆ ಕೇಳಿಸುತ್ತದೆ. ಉಸಿರು ಎಂಬ ಅರ್ಥದ ಧಾತುವಿನಿಂದ ಬಂದ ಆಪ್-ˈನೀ-ಅ ಎಂಬ ಪದದಲ್ಲಿ, ಅಂದರೆ ಉಸಿರು ನಿಲ್ಲುವಿಕೆಯಲ್ಲಿ, ‘ಪ್’ ಸ್ಪಷ್ಟ. ನೆನಪಿಗೆ ಸಂಬಂಧಿಸಿದ ‘ನಿಮಾನಿಕ್’ ಪದದ ಆದಿಯ ‘ಮ್’ ಮೌನವಾಗಿದ್ದರೆ, ಮರೆವಿನ ರೋಗವಾದ ಆಮ್-ˈನೀ-ಸಿ-ಅ ಪದದಲ್ಲಿ ಅದು ಕೇಳಿಸುತ್ತದೆ. ಹೆಲಿಕಾಪ್ಟರ್ ಪದವನ್ನು ರಚಿಸಿದ್ದು ‘ಸುರುಳಿ’ ಮತ್ತು ‘ರೆಕ್ಕೆ’ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ, ಹೆಲಿಕೊ ಮತ್ತು ಪ್ಟೆರ್. ಆದರೆ ನುಡಿಯುವಾಗ ಅದು ಹೆ-ಲಿ-ಕಾಪ್-ಟರ್ ಎಂದೇ ಒಡೆಯುತ್ತದೆ.

ಈ ಕೊನೆಯ ಉದಾಹರಣೆ ತೋರಿಸುವಂತೆ ಪದದ ಅರ್ಥಘಟಕಗಳೂ ಉಚ್ಚಾರಾಂಶಗಳೂ ಬೇರೆ ಬೇರೆ. ಅರ್ಥ ತಿಳಿಯಲು ಗ್ಯಾಸ್ಟ್ರೊ (ಜಠರ), ಎಂಟರೊ (ಕರುಳು), ಲಜಿ (ಶಾಸ್ತ್ರ) ಎಂದು ಬಿಡಿಸಬೇಕು. ನುಡಿಯಲು ಗ್ಯಾಸ್-ಟ್ರೊ-ಎನ್-ಟ-ˈರಾ-ಲ-ಜಿ ಎಂದು. ಎರಡು ಘಟಕಗಳನ್ನು ಬೆಸೆಯಲು ಬಂದ ನಡುವಿನ ‘ಒ’ಕಾರವೇ ಇಲ್ಲಿ ಪದದ ಮುಖ್ಯ ಒತ್ತನ್ನು ಹೊರುತ್ತದೆ. ಅರ್ಥಘಟಕದ ಗಡಿಯಲ್ಲಿ ನಿಂತು ನಿಂತು ಓದುವ ಅಭ್ಯಾಸದಿಂದ ಒತ್ತು ತಪ್ಪುವುದು ಇದೇ ಕಾರಣಕ್ಕೆ.

ಲಘು-ಗುರು ನಿಯಮ

ಲ್ಯಾಟಿನ್ ನಿಯಮ ಸರಳವಾದುದು. ಪದದ ಕೊನೆಯ ಉಚ್ಚಾರಾಂಶವನ್ನು ಲೆಕ್ಕದಿಂದ ಬಿಡಬೇಕು. ಕೊನೆಯಿಂದ ಎರಡನೆಯದು ಗುರುವಾಗಿದ್ದರೆ ಒತ್ತು ಅದರ ಮೇಲೆ. ಲಘುವಾಗಿದ್ದರೆ ಒತ್ತು ಒಂದು ಹೆಜ್ಜೆ ಹಿಂದೆ ಸರಿದು ಕೊನೆಯಿಂದ ಮೂರನೆಯದರ ಮೇಲೆ. ಗುರು ಎನಿಸಲು ಉಚ್ಚಾರಾಂಶದಲ್ಲಿ ದೀರ್ಘಸ್ವರ ಅಥವಾ ಸಂಧ್ಯಕ್ಷರ ಇರಬೇಕು, ಇಲ್ಲವೇ ಅದು ವ್ಯಂಜನದಿಂದ ಮುಚ್ಚಿರಬೇಕು. ಕನ್ನಡದಲ್ಲಿಯೂ ದೀರ್ಘಾಕ್ಷರ, ಐಕಾರ-ಔಕಾರಗಳುಳ್ಳ ಅಕ್ಷರ ಮತ್ತು ಒತ್ತಕ್ಷರದ ಹಿಂದಿನ ಅಕ್ಷರ ಗುರುಗಳು.

ಅಪೆಂಡಿಸೈಟಿಸ್ ಪದವನ್ನು ತೆಗೆದುಕೊಳ್ಳಬಹುದು. ಕೊನೆಯ ‘ಟಿಸ್’ ಬಿಟ್ಟರೆ ‘ಸೈ’ ಗುರು, ಆದ್ದರಿಂದ ಅ-ಪೆಂ-ಡಿ-ˈಸೈ-ಟಿಸ್. ಟ್ಯು-ಬರ್-ಕ್ಯು-ˈಲೋ-ಸಿಸ್ ಮತ್ತು ಕಾರ್-ಸಿ-ˈನೋ-ಮ ಇದೇ ಬಗೆಯವು. ಸೆ-ರಿ-ˈಬೆಲ್-ಲಮ್ ಮತ್ತು ಪ್ಲ-ˈಸೆನ್-ಟ ಪದಗಳಲ್ಲಿ ಸ್ವರ ಹ್ರಸ್ವವೇ ಆದರೂ ವ್ಯಂಜನ ಮುಚ್ಚಿರುವುದರಿಂದ ಗುರು. ಇದಕ್ಕೆ ಪ್ರತಿಯಾಗಿ ಫೋಟೋಸಿಂಥೆಸಿಸ್ ಪದದ ‘ಥೆ’ ಲಘು. ಒತ್ತು ಹಿಂದೆ ಸರಿದು ಫೋ-ಟೋ-ˈಸಿನ್-ಥೆ-ಸಿಸ್ ಆಗುತ್ತದೆ. ಔಷಧದ ಅಂಗಡಿಗಳಲ್ಲಿ ನಿತ್ಯ ಕೇಳುವ ಪ್ಯಾ-ರ-ˈಸೀ-ಟ-ಮಾಲ್ ಕೂಡ ಇದೇ ನಿಯಮಕ್ಕೆ ಒಳಪಟ್ಟಿದೆ.

ಎರಡು ಭಾಷೆಗಳ ನಿಯಮಗಳು ಒಂದು ಕಡೆ ಬೇರೆಯಾಗುತ್ತವೆ. ಲ್ಯಾಟಿನ್‌ನಲ್ಲಿ ‘ಬ್ರ’, ‘ಟ್ರ’, ‘ಕ್ಲ’ ಮುಂತಾಗಿ ಎರಡನೆಯ ವ್ಯಂಜನ ರಕಾರ ಅಥವಾ ಲಕಾರವಾಗಿದ್ದರೆ ಇಡೀ ಜೋಡಿ ಮುಂದಿನ ಸ್ವರಕ್ಕೆ ಸೇರಿ ಹಿಂದಿನದು ಲಘುವಾಗಿ ಉಳಿಯಬಹುದು. ಬೆನ್ನೆಲುಬಿನ ಮೂಳೆಯನ್ನು ಹೇಳುವ ವರ್ಟಿಬ್ರ ಪದಕ್ಕೆ ಕನ್ನಡ ರೀತಿಯಲ್ಲಿ ಪ್ರಸ್ತಾರ ಹಾಕಿದರೆ ‘ಟಿ’ ಗುರುವಾಗಿ ಒತ್ತು ಅಲ್ಲಿಗೆ ಹೋಗುತ್ತದೆ; ಸರಿಯಾದ ಉಚ್ಚಾರಣೆ ˈವರ್-ಟಿ-ಬ್ರ. ಇಂತಹ ಸಡಿಲಿಕೆ ಕನ್ನಡಕ್ಕೆ ಪೂರ್ಣ ಅಪರಿಚಿತವೇನಲ್ಲ. ಹಳಗನ್ನಡದ ‘ಅಮರ್ದು’ ಮುಂತಾದ ಪದಗಳಲ್ಲಿ ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದನ್ನು ಶಿಥಿಲದ್ವಿತ್ವ ಎಂದು ಕೇಶಿರಾಜನ ಶಬ್ದಮಣಿದರ್ಪಣ ವಿವರಿಸುತ್ತದೆ. ಅಲ್ಲಿ ರಕಾರ ಜೋಡಿಯ ಮೊದಲ ವ್ಯಂಜನವಾಗಿರುತ್ತದೆ, ಇಲ್ಲಿ ಎರಡನೆಯದು.

ಕನ್ನಡದ ಲಘು-ಗುರು ವಿಚಾರವನ್ನು ಇಂಗ್ಲಿಷ್ ಓದುಗರ ಮುಂದಿಟ್ಟವರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಪ್ರಮುಖರು. ಧಾರವಾಡ ಪ್ರದೇಶದಲ್ಲಿಯೂ ಕೆಲಸ ಮಾಡಿದ ಈ ಬಾಸೆಲ್ ಮಿಷನ್ ವಿದ್ವಾಂಸರು ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಇಂಗ್ಲಿಷಿನ ಒತ್ತು ಉಚ್ಚಾರಾಂಶದ ಭಾರವನ್ನು ಅವಲಂಬಿಸಿದೆ ಎಂಬುದನ್ನು ಆಧುನಿಕ ಭಾಷಾವಿಜ್ಞಾನದ ನಿಯಮಗಳ ರೂಪದಲ್ಲಿ ವಿಸ್ತಾರವಾಗಿ ಮಂಡಿಸಿದ್ದು ನೋಮ್ ಚಾಮ್ಸ್ಕಿ ಮತ್ತು ಮಾರಿಸ್ ಹ್ಯಾಲೆ ಅವರ 1968ರ ಗ್ರಂಥ.

ಪದಾಂತ್ಯಗಳು

ಲಘು-ಗುರು ನಿಯಮಕ್ಕೆ ಒಂದು ಮಿತಿಯಿದೆ: ಇಂಗ್ಲಿಷ್ ಕಾಗುಣಿತದಲ್ಲಿ ಸ್ವರದ ಹ್ರಸ್ವ-ದೀರ್ಘ ಕಾಣಿಸುವುದಿಲ್ಲ. ಪುಟದ ಮೇಲಿನ ಪದವನ್ನು ಮೊದಲ ಬಾರಿ ನೋಡುವವನಿಗೆ ಯಾವ ಸ್ವರ ದೀರ್ಘ ಎಂದು ತಿಳಿಯದಿದ್ದರೆ ಪ್ರಸ್ತಾರ ಹಾಕಲಾಗದು. ಇಲ್ಲಿ ಪದಾಂತ್ಯಗಳು ನೆರವಾಗುತ್ತವೆ. ಉರಿಯೂತವನ್ನು ಸೂಚಿಸುವ ‘ಐಟಿಸ್’, ಗಡ್ಡೆಯನ್ನು ಸೂಚಿಸುವ ‘ಓಮ’, ರೋಗಸ್ಥಿತಿಯನ್ನು ಸೂಚಿಸುವ ‘ಓಸಿಸ್’ ದೀರ್ಘಸ್ವರದವು; ಒತ್ತು ಆ ಸ್ವರದ ಮೇಲೆಯೇ. (ಮೆ-ಟ-ˈಮಾರ್-ಫ-ಸಿಸ್ ಇದಕ್ಕೆ ಹೆಸರಾದ ಅಪವಾದ.) ಲಜಿ, ಗ್ರಫಿ, ಸ್ಕಪಿ, ಮೆಟ್ರಿ, ಪತಿ, ಟಮಿ ಎಂದು ಮುಗಿಯುವ ಪದಗಳಲ್ಲಿ ಕೊನೆಯಿಂದ ಎರಡನೆಯದು ಲಘು, ಒತ್ತು ಮೂರನೆಯದರ ಮೇಲೆ. ಒಂಬತ್ತು ಉಚ್ಚಾರಾಂಶಗಳ ಇ-ಲೆಕ್-ಟ್ರೊ-ಎನ್-ಸೆ-ಫ-ˈಲಾ-ಗ್ರ-ಫಿ ಪದದಲ್ಲೂ ಮುಂದಿನ ಆರು ಉಚ್ಚಾರಾಂಶಗಳನ್ನು ನೋಡದೆಯೇ ಒತ್ತನ್ನು ಹೇಳಬಹುದು. ಎಣಿಕೆ ಯಾವಾಗಲೂ ಕೊನೆಯಿಂದ ಆರಂಭವಾಗುವುದರಿಂದ ಪದ ಎಷ್ಟು ಉದ್ದವಾದರೂ ಕೆಲಸ ಹೆಚ್ಚುವುದಿಲ್ಲ.

‘ಇಕ್’ ಎಂದು ಮುಗಿಯುವ ಗುಣವಾಚಕಗಳು ಮೇಲ್ನೋಟಕ್ಕೆ ನಿಯಮ ಮೀರಿದಂತೆ ಕಾಣುತ್ತವೆ: ˈಆ-ಟಮ್, ಆದರೆ ಅ-ˈಟಾ-ಮಿಕ್, ˈಆ-ಸಿಡ್, ಆದರೆ ಅ-ˈಸಿ-ಡಿಕ್. ಒತ್ತು ‘ಇಕ್’ ಉಚ್ಚಾರಾಂಶದ ಹಿಂದಿನದಕ್ಕೆ ಬೀಳುತ್ತದೆ. ಲ್ಯಾಟಿನ್‌ನಲ್ಲಿ ಈ ಪದಗಳು ‘ಇಕುಸ್’ ಎಂದು ಮುಗಿಯುತ್ತಿದ್ದವು ಎಂಬುದನ್ನು ಗಮನಿಸಿದರೆ ಒಗಟು ಬಿಡುತ್ತದೆ. ಕೊನೆಯ ಉಚ್ಚಾರಾಂಶ ಅಳಿಸಿಹೋಗಿದ್ದರೂ ಒತ್ತು ಹಳೆಯ ಜಾಗದಲ್ಲಿಯೇ ನಿಂತಿದೆ. ಎಂಟು ಉಚ್ಚಾರಾಂಶಗಳ ಡಿ-ಆಕ್-ಸಿ-ರೈ-ಬೊ-ನ್ಯು-ˈಕ್ಲಿ-ಇಕ್ ಈ ವರ್ಗದ್ದು. ಎಲ್ಲರ ಬಾಯಲ್ಲಿರುವ ಅ-ˈಸಿ-ಡಿ-ಟಿ ಸಾಮಾನ್ಯ ನಿಯಮವನ್ನೇ ಪಾಲಿಸುತ್ತದೆ. ಆರ್ಸೆನಿಕ್ ಎಂಬ ಧಾತುವಿನ ಹೆಸರು ಮಾತ್ರ ˈಆರ್-ಸ-ನಿಕ್. ಅದೇ ಕಾಗುಣಿತದ ಗುಣವಾಚಕವಾದರೆ ಆರ್-ˈಸೆ-ನಿಕ್.

ಒತ್ತು ಅರ್ಥವನ್ನೇ ಬೇರ್ಪಡಿಸುವ ಸಂದರ್ಭಗಳು ಕಡಿಮೆ, ಆದರೆ ಇವೆ. ಮೈ-ˈಕ್ರಾ-ಮಿ-ಟರ್ ಎಂದರೆ ಪ್ರಯೋಗಾಲಯದಲ್ಲಿ ತಂತಿಯ ದಪ್ಪ ಅಳೆಯುವ ಉಪಕರಣ. ˈಮೈ-ಕ್ರೊ-ಮೀ-ಟರ್ ಎಂದರೆ ಮೀಟರಿನ ಹತ್ತು ಲಕ್ಷದ ಒಂದು ಭಾಗ.

ಉಪ ಒತ್ತು ಮತ್ತು ದುರ್ಬಲ ಸ್ವರಗಳು

ಮುಖ್ಯ ಒತ್ತು ಮೂರನೆಯ ಅಥವಾ ಅದರ ನಂತರದ ಉಚ್ಚಾರಾಂಶದ ಮೇಲಿದ್ದರೆ ಮೊದಲ ಎರಡರಲ್ಲಿ ಒಂದಕ್ಕೆ ಹಗುರವಾದ ಉಪ ಒತ್ತು ಬರುತ್ತದೆ. ಅಪೆಂಡಿಸೈಟಿಸ್ ಪದದಲ್ಲಿ ‘ಪೆಂ’, ಫೋಟೋಸಿಂಥೆಸಿಸ್ ಪದದಲ್ಲಿ ‘ಫೋ’ ಇಂತಹವು. ಯಾವ ಒತ್ತೂ ಇಲ್ಲದ ಉಚ್ಚಾರಾಂಶಗಳ ಸ್ವರಗಳು ಕುಗ್ಗಿ ಬಹುಮಟ್ಟಿಗೆ ಕನ್ನಡದ ಹ್ರಸ್ವ ‘ಅ’ ಅಥವಾ ‘ಇ’ಕಾರಕ್ಕೆ ಹತ್ತಿರವಾಗುತ್ತವೆ. ˈಫೋ-ಟ-ಗ್ರಾಫ್, ಫ-ˈಟಾ-ಗ್ರ-ಫಿ, ಫೋ-ಟ-ˈಗ್ರಾ-ಫಿಕ್ ಎಂಬ ಮೂರು ರೂಪಗಳಲ್ಲಿ ಕಾಗುಣಿತ ಬದಲಾಗದಿದ್ದರೂ ಸ್ವರಗಳು ಒತ್ತಿನ ಜೊತೆಗೆ ಬದಲಾಗುವುದನ್ನು ಕಾಣಬಹುದು.

ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ, ಶಿಷ್ಟ ಉಚ್ಚಾರಣೆಯಲ್ಲಿ ಎಲ್ಲ ಸ್ವರಗಳೂ ತಮ್ಮ ಪೂರ್ಣ ರೂಪ ಉಳಿಸಿಕೊಳ್ಳುತ್ತವೆ. ಆದರೆ ಆಡುಮಾತಿನಲ್ಲಿ ಕೆಲಸ ‘ಕೆಲ್ಸ’ ಆಗುವುದು, ಹುಡುಗಿ ‘ಹುಡ್ಗಿ’ ಆಗುವುದು ಮೊದಲ ಅಕ್ಷರ ಬಲವಾಗಿದ್ದು ನಡುವಿನ ಹ್ರಸ್ವಸ್ವರ ಕುಗ್ಗುವುದಕ್ಕೆ ಸಾಕ್ಷಿ. ಇದೇ ಅಭ್ಯಾಸ ಇಂಗ್ಲಿಷ್ ಪದಗಳ ಮೇಲೂ ಹರಿದು, ಮೊದಲ ಉಚ್ಚಾರಾಂಶವನ್ನೇ ಬಲವಾಗಿ ನುಡಿಯುವ ಪ್ರವೃತ್ತಿಯನ್ನು ಉಂಟುಮಾಡುತ್ತದೆ.

ಕನ್ನಡ ಬರಹದಲ್ಲಿ ಒತ್ತಿನ ಗುರುತು

ಕನ್ನಡ ಲಿಪಿಗೆ ಒತ್ತಿನ ಚಿಹ್ನೆ ಇಲ್ಲ. ಆದರೂ ಬಯಾಲಜಿ, ಜಿಯಾಲಜಿ, ಸೈಕಾಲಜಿ, ಟೆಕ್ನಾಲಜಿ ಎಂದು ರೂಢಿಯಲ್ಲಿ ಬರೆಯುವ ಪದಗಳಲ್ಲಿ ದೀರ್ಘ ‘ಆ’ಕಾರ ನಿಂತಿರುವುದು ಸರಿಯಾಗಿ ಒತ್ತು ಬೀಳುವ ಜಾಗದಲ್ಲಿ. ಕಾಗುಣಿತದಲ್ಲಿ ‘ಒ’ ಇದ್ದರೂ ಕೇಳಿ ಬರೆದವರು ಬಲವಾದ ಸ್ವರವನ್ನು ದೀರ್ಘವಾಗಿ ಗ್ರಹಿಸಿದ್ದಾರೆ. ಎಲ್ಲ ಪದಗಳೂ ಹೀಗಿಲ್ಲ. ಥರ್ಮಾಮೀಟರ್ ಎಂಬ ರೂಪದಲ್ಲಿ ‘ರ್ಮಾ’ ಕಿವಿಯಿಂದ ಬಂದದ್ದು, ‘ಮೀ’ ಕಾಗುಣಿತದಿಂದ ಬಂದದ್ದು. ಇಂಗ್ಲಿಷ್ ಉಚ್ಚಾರಣೆ ಥರ್-ˈಮಾ-ಮಿ-ಟರ್. ಫೋಟೋಗ್ರಾಫರ್ ಎಂಬುದು ಪೂರ್ತಿ ಕಾಗುಣಿತದ ಕೂಸು. ಹೀಗಾಗಿ ಕನ್ನಡ ಪತ್ರಿಕೆಗಳ ಲಿಪ್ಯಂತರವನ್ನು ಉಚ್ಚಾರಣೆಯ ಆಧಾರವಾಗಿ ಬಳಸುವುದು ಅರ್ಧ ಮಾತ್ರ ಸುರಕ್ಷಿತ. ಕನ್ನಡ ಬರಹಕ್ಕೆ ಕನ್ನಡದ ರೂಢಿಯೇ ಪ್ರಮಾಣ ಎಂಬುದು ಬೇರೆ ವಿಷಯ. ಥರ್ಮಾಮೀಟರ್ ಕನ್ನಡದಲ್ಲಿ ತಪ್ಪಲ್ಲ.

ವೈದ್ಯಕೀಯ ಬಳಕೆಯಲ್ಲಿ ಮಹತ್ವ

ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 1969ರಲ್ಲಿ ಪ್ರಕಟಿಸಿದ ಆರ್.ಕೆ. ಬನ್ಸಾಲ್ ಅವರ ಅಧ್ಯಯನ, ಭಾರತೀಯರ ಇಂಗ್ಲಿಷ್ ಇತರರಿಗೆ ಅರ್ಥವಾಗದಿರಲು ಇರುವ ಕಾರಣಗಳಲ್ಲಿ ಪದದ ಒತ್ತು ತಪ್ಪುವುದನ್ನೂ ಮುಖ್ಯವಾಗಿ ಗುರುತಿಸಿತು. ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ದೊಡ್ಡಕರುಳನ್ನು ತೆಗೆಯುವ ಶಸ್ತ್ರಚಿಕಿತ್ಸೆ ಕೊ-ˈಲೆಕ್-ಟ-ಮಿ. ದೊಡ್ಡಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡುವುದು ಕ-ˈಲಾಸ್-ಟ-ಮಿ. ಎರಡನ್ನೂ ಬೇರ್ಪಡಿಸುವ ಧ್ವನಿಗಳು ಎರಡನೆಯ ಉಚ್ಚಾರಾಂಶದಲ್ಲಿವೆ, ಒತ್ತೂ ಅಲ್ಲಿಯೇ ಬೀಳುತ್ತದೆ. ಒತ್ತನ್ನು ಮೊದಲ ಉಚ್ಚಾರಾಂಶಕ್ಕೆ ತಂದರೆ ಭೇದ ಇರುವ ಭಾಗವೇ ಮಸುಕಾಗುತ್ತದೆ.

ಎಲ್ಲ ಪದಗಳಲ್ಲೂ ಒತ್ತು ಇಷ್ಟು ಉಪಕಾರಿಯಲ್ಲ. ಹೈ-ಪೊ-ˈಟೆನ್-ಶನ್ ಮತ್ತು ಹೈ-ಪರ್-ˈಟೆನ್-ಶನ್ ಪದಗಳಲ್ಲಿ ಭೇದವಿರುವುದು ಒತ್ತಿಲ್ಲದ ಎರಡನೆಯ ಉಚ್ಚಾರಾಂಶದಲ್ಲಿ. ರಕಾರವನ್ನು ನುಂಗುವ ಬ್ರಿಟಿಷ್ ಉಚ್ಚಾರಣೆಯನ್ನು ಅನುಕರಿಸುವುದಕ್ಕಿಂತ, ‘ಪೊ’ ಮತ್ತು ‘ಪರ್’ ಎರಡನ್ನೂ ಪೂರ್ಣವಾಗಿ ನುಡಿಯುವ ಕನ್ನಡಿಗರ ರೀತಿ ಇಲ್ಲಿ ಹೆಚ್ಚು ಸುರಕ್ಷಿತ. ‘ಬಿಪಿ ಲೋ’, ‘ಬಿಪಿ ಹೈ’ ಎಂಬ ಜನಬಳಕೆಯಂತೂ ಸಂದೇಹಕ್ಕೆ ಎಡೆಯನ್ನೇ ಕೊಡುವುದಿಲ್ಲ. ಮೊಣಕಾಲಿನ ಕೆಳಗೆ ಕಾಲಿನ ಹೊರಬದಿಗೆ ಸಂಬಂಧಿಸಿದ ಪೆ-ರ-ˈನೀ-ಅಲ್, ಗು಼ದ-ಜನನಾಂಗಗಳ ನಡುವಿನ ಭಾಗಕ್ಕೆ ಸಂಬಂಧಿಸಿದ ಪೆ-ರಿ-ˈನೀ-ಅಲ್ ಪದಗಳಲ್ಲೂ ಭೇದ ಒಂದು ದುರ್ಬಲ ಸ್ವರದ್ದು ಮಾತ್ರ. 1998ರ ಅಂತರರಾಷ್ಟ್ರೀಯ ಅಂಗರಚನಾ ಪದಾವಳಿಯು ಮೊದಲನೆಯದರ ಬದಲು ಫಿಬ್ಯುಲರ್ ಎಂಬ ಪದಕ್ಕೆ ಆದ್ಯತೆ ನೀಡಿತು. ಸಣ್ಣಕರುಳಿನ ಕೊನೆಯ ಭಾಗ ಮತ್ತು ಸೊಂಟದ ಮೂಳೆಯ ಮೇಲ್ಭಾಗ ಎರಡರ ಹೆಸರೂ ˈಇ-ಲಿ-ಅಮ್. ಕಾಗುಣಿತದಲ್ಲಿ ಒಂದು ವರ್ಣದ ವ್ಯತ್ಯಾಸವಿದ್ದರೂ ಉಚ್ಚಾರಣೆಯಲ್ಲಿ ಏನೂ ಇಲ್ಲ. ಅಲ್ಲಿ ಸಂದರ್ಭವೇ ಗತಿ.

ಪ್ರಾದೇಶಿಕ ವ್ಯತ್ಯಾಸಗಳು

ಒತ್ತಿನ ವಿಷಯದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಪದ್ಧತಿಗಳು ಕೆಲವು ಪದಗಳಲ್ಲಿ ಭಿನ್ನವಾಗಿವೆ. ಪ್ರಯೋಗಾಲಯವನ್ನು ಸೂಚಿಸುವ ಪದಕ್ಕೆ ಬ್ರಿಟಿಷರು ಎರಡನೆಯ ಉಚ್ಚಾರಾಂಶವನ್ನು ಒತ್ತಿ ಲ-ˈಬಾ-ರ-ಟ್ರಿ ಎಂದರೆ ಅಮೆರಿಕನ್ನರು ಮೊದಲನೆಯದನ್ನು ಒತ್ತಿ ˈಲ್ಯಾ-ಬ್ರ-ಟೋ-ರಿ ಎನ್ನುತ್ತಾರೆ. ಲೋಮನಾಳ ಬ್ರಿಟನ್ನಿನಲ್ಲಿ ಕ-ˈಪಿ-ಲ-ರಿ, ಅಮೆರಿಕದಲ್ಲಿ ˈಕ್ಯಾ-ಪಿ-ಲೆ-ರಿ. ಸರ್ವೈಕಲ್ ಪದವನ್ನು ಬ್ರಿಟನ್ನಿನಲ್ಲಿ ಸರ್-ˈವೈ-ಕಲ್ ಎಂದೂ ನುಡಿಯುತ್ತಾರೆ, ಅಮೆರಿಕದಲ್ಲಿ ˈಸರ್-ವಿ-ಕಲ್. ಡೇನಿಯಲ್ ಜೋನ್ಸ್ ಅವರ 1917ರ ಉಚ್ಚಾರಣಾ ನಿಘಂಟು ಬ್ರಿಟಿಷ್ ರೂಪಗಳನ್ನು ದಾಖಲಿಸಿತು. ಈಗಿನ ದೊಡ್ಡ ನಿಘಂಟುಗಳು ಎರಡನ್ನೂ ಕೊಡುತ್ತವೆ.

ಮುದ್ರಣದಲ್ಲಿ ಸಾಲಿನ ಕೊನೆಗೆ ಪದವನ್ನು ತುಂಡರಿಸುವಾಗಲೂ ಇದೇ ಬಗೆಯ ಭೇದವಿದೆ. ಅಮೆರಿಕನ್ ಮುದ್ರಕರು ಉಚ್ಚಾರಾಂಶವನ್ನು, ಬ್ರಿಟಿಷ್ ಮುದ್ರಕರು ಸಾಂಪ್ರದಾಯಿಕವಾಗಿ ಪದದ ಅರ್ಥಘಟಕವನ್ನು ಅನುಸರಿಸುತ್ತಾರೆ. ಆದ್ದರಿಂದ ಪುಸ್ತಕದಲ್ಲಿ ಸಾಲು ಮುರಿದಿರುವ ಜಾಗವನ್ನು ನೋಡಿ ಉಚ್ಚಾರಾಂಶವನ್ನು ನಿರ್ಧರಿಸಲಾಗದು.

ಅತಿ ಉದ್ದದ ಪದ

ಇಂಗ್ಲಿಷ್ ನಿಘಂಟುಗಳಲ್ಲಿ ಸಿಗುವ ಅತಿ ಉದ್ದದ ಪದವೆಂದು ಉಲ್ಲೇಖಿಸಲಾಗುವ 45 ವರ್ಣಗಳ ರೋಗನಾಮ 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದಲ್ಲಿ ಬೆಳಕಿಗೆ ಬಂದದ್ದು. ಉದ್ದದ ದಾಖಲೆಗೆಂದೇ ಹೆಣೆದದ್ದು. ಸೂಕ್ಷ್ಮ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಆ ರೋಗವನ್ನು ವೈದ್ಯರು ಸಿಲಿಕೋಸಿಸ್ ಎಂದಷ್ಟೇ ಕರೆಯುತ್ತಾರೆ. 19 ಉಚ್ಚಾರಾಂಶಗಳ ಆ ಪದ ಹೀಗೆ ಒಡೆಯುತ್ತದೆ: ನ್ಯು-ಮೊ-ನೊ-ಅಲ್-ಟ್ರ-ಮೈ-ಕ್ರೊ-ಸ್ಕಾ-ಪಿಕ್-ಸಿ-ಲಿ-ಕೊ-ವಾಲ್-ಕೇ-ನೊ-ಕೋ-ನಿ-ˈಓ-ಸಿಸ್. ಆರಂಭದ ‘ಪ’ಕಾರ ಇಲ್ಲಿಯೂ ಮೌನ, ಒತ್ತು ಇಲ್ಲಿಯೂ ಕೊನೆಯಿಂದ ಎರಡನೆಯ ಗುರುವಿನ ಮೇಲೆ.